10 ದಿನದ ಹೂವು, 60 ಲೀಟರ್ ಮದ್ದು

ಅಮೆರಿಕದ ನ್ಯೂಜೆರ್ಸಿ, ಮಿಷಿಗನ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಕ್ರ್ಯಾಬ್‌ಆಪಲ್ ಮರ ಹೊಸದಲ್ಲ. ಹಣ್ಣು 5 ಸೆಂಟಿಮೀಟರ್ ಮೀರದ ಸೇಬಿನ ಜಾತಿಗಳಿಗೆಲ್ಲ ಅಲ್ಲಿ ಇದೇ ಹೆಸರು. ಇದನ್ನು ಬೆಳೆಸುವುದು ಹೂವಿನ ಚೆಂದಕ್ಕೆ. ವಸಂತದಲ್ಲಿ ಸುಮಾರು 10 ದಿನ ಮರ ತುಂಬ ಹೂವು. ಜುಲೈ ಹೊತ್ತಿಗೆ ಎಲೆಗಳ ಮೇಲೆ ಕಪ್ಪುಹಸಿರು ಕಲೆ ಮೂಡಿ, ಎಲೆ ಹಳದಿಯಾಗಿ ಉದುರಿ, ನಡುಬೇಸಿಗೆಯಲ್ಲೇ ಮರ ಬೋಳು. ಇದು ಸ್ಕ್ಯಾಬ್, ಅಂದರೆ ಕಜ್ಜಿರೋಗ. ಆಗ ಓಡಿಹೋಗಿ ತರುವ ಮದ್ದಿನ ದುಡ್ಡು ನೀರಿಗೆ ಸುರಿದಂತೆ.

ಸೋಂಕು ತಗಲುವುದು ಚಿಗುರಿನ ಕಾಲದಲ್ಲಿ. ನ್ಯೂಯಾರ್ಕ್ ರಾಜ್ಯದ ಡಬ್ಲ್ಯು. ಡಿ. ಮಿಲ್ಸ್ 1940ರ ದಶಕದಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ, 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ 9 ಗಂಟೆ ಒದ್ದೆಯಾಗಿದ್ದರೆ ಸಾಕು. 10 ಡಿಗ್ರಿಯ ಚಳಿಯಲ್ಲಿ 14 ಗಂಟೆ ಬೇಕು. ಕಲೆ ಕಣ್ಣಿಗೆ ಬೀಳುವುದು ಅದಾಗಿ ಒಂದೆರಡು ವಾರಕ್ಕೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ: ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮುಂಚೆ, ಕಾಯಿ ಉದುರಿದ ಮೇಲಲ್ಲ.

ಮೊಗ್ಗು ಒಡೆದಂದಿನಿಂದ ಹೂ ಉದುರಿ ಎರಡು ವಾರದವರೆಗೆ, 7ರಿಂದ 10 ದಿನಕ್ಕೊಮ್ಮೆ ಸಿಂಪರಣೆ. ಸರಾಸರಿ 5 ಸಲ ಎನ್ನೋಣ. 5 ಮೀಟರ್ ಎತ್ತರದ ಮರ ಪೂರ್ತಿ ತೊಯ್ಯಲು 12 ಲೀಟರ್ ಹಿಡಿದರೆ ವರ್ಷಕ್ಕೆ 60 ಲೀಟರ್ ದ್ರಾವಣ. ಆಳಿಟ್ಟು ಮಾಡಿಸಿ, ಬಂದುಹೋದದ್ದಕ್ಕೆ 80 ಡಾಲರ್ ಎಂದಿಟ್ಟುಕೊಂಡರೆ ವರ್ಷಕ್ಕೆ 400, ಹತ್ತು ವರ್ಷಕ್ಕೆ 4,000 ಡಾಲರ್. ಒಂದು ಮರಕ್ಕೆ!

ಪೊರಕೆಗೆ ಈ ಖರ್ಚಿಲ್ಲ. ಶಿಲೀಂಧ್ರ ಚಳಿಗಾಲ ಕಳೆಯುವುದು ಬಿದ್ದ ಎಲೆಯಲ್ಲೇ. ಗುಡಿಸಿ ಸಾಗಿಸಿ, ಆಗದಿದ್ದರೆ 10 ಲೀಟರ್ ನೀರಿಗೆ 500 ಗ್ರಾಂ ಯೂರಿಯಾ, ಅಂದರೆ ಶೇ. 5ರ ದ್ರಾವಣ, ತರಗೆಲೆಗೆ ಹೊಡೆಯಿರಿ. ಎಲೆ ಬೇಗ ಕೊಳೆತು ಬೀಜಕಣ ಕಡಿಮೆಯಾಗುತ್ತದೆ. ಪಕ್ಕದ ಮನೆಯ ಎಲೆಯಿಂದ ಹಾರಿ ಬರುವುದಂತೂ ತಪ್ಪದು.

ಫೈರ್ ಬ್ಲೈಟ್ ಬೇರೆಯೇ ಜಾತಿ. ಇದು ಬ್ಯಾಕ್ಟೀರಿಯಾ. ಕೊಂಬೆಯ ತುದಿ ಸುಟ್ಟಂತಾಗಿ ಕೊಕ್ಕೆಯ ಹಾಗೆ ಬಾಗುತ್ತದೆ. ಒಳಹೊಕ್ಕ ರೋಗಕ್ಕೆ ಕತ್ತರಿಯೇ ಮದ್ದು: ಒಣಹವೆಯ ದಿನ ನೋಡಿ, ಕಾಣುವ ಸುಡುಗಲೆಗಿಂತ 20ರಿಂದ 30 ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಪ್ರತಿ ಕಡಿತಕ್ಕೂ ಕತ್ತರಿಯನ್ನು 1 ಪಾಲು ಬ್ಲೀಚ್, 9 ಪಾಲು ನೀರಿನಲ್ಲಿ ಅದ್ದಬೇಕು. ಸಾರಜನಕದ ಗೊಬ್ಬರ ಸುರಿದು ಎಳೆಚಿಗುರು ಹೆಚ್ಚಿಸಿದಷ್ಟೂ ರೋಗಕ್ಕೆ ಹಬ್ಬ.

ತುಕ್ಕುರೋಗದ್ದು ದೊಡ್ಡ ಕತೆ. ಆ ಶಿಲೀಂಧ್ರಕ್ಕೆ ಎರಡು ಆಸರೆ ಬೇಕು: ಸೇಬಿನ ಕುಲದ ಮರ ಮತ್ತು ಕೆಂಪು ಸೀಡರ್. ಸೇಬಿನ ತೋಟ ಉಳಿಸಲು ವರ್ಜೀನಿಯಾ ರಾಜ್ಯ 1914ರಲ್ಲಿ ಕಾಯ್ದೆಯನ್ನೇ ತಂದು, ತೋಟದಿಂದ 2 ಮೈಲಿ, ಅಂದರೆ 3.2 ಕಿಲೋಮೀಟರ್ ಒಳಗಿನ ಸೀಡರ್ ಕಡಿಸುವ ಅಧಿಕಾರ ಪಡೆಯಿತು. ಅಂದಕ್ಕೆಂದು ಬೆಳೆಸಿದ ಸೀಡರ್‌ಗಳನ್ನು ಕಳೆದುಕೊಳ್ಳಬೇಕಾಗಿ ಬಂದ ಮಿಲ್ಲರ್ ಕುಟುಂಬ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1928ರಲ್ಲಿ ತೀರ್ಪು ರಾಜ್ಯದ ಪರವಾಯಿತು. ಕುಟುಂಬಕ್ಕೆ ಸಿಕ್ಕಿದ್ದು ಕಡಿಯುವ ಖರ್ಚಿಗೆ 100 ಡಾಲರ್. ಮರಗಳ ಬೆಲೆಗೆ ಒಂದು ಸೆಂಟೂ ಇಲ್ಲ. ಬೀಜಕಣ ಹಾರುವ ದೂರ ನೋಡಿದರೆ, ಪಕ್ಕದ ಮನೆಯ ಒಂದು ಸೀಡರ್‌ಗಾಗಿ ಜಗಳ ಕಾಯುವುದು ದಂಡ.

ನನ್ನ ಲೆಕ್ಕದಲ್ಲಿ ಉಳಿತಾಯವಿರುವುದು ಸಸಿ ಕೊಳ್ಳುವ ದಿನ. ‘ಹೋಪಾ’ ಹಳೆಯ ತಳಿ, ಹೂವು ಸೊಗಸು, ಆದರೆ ಸ್ಕ್ಯಾಬ್‌ಗೆ ಬಲು ಬೇಗ ತುತ್ತಾಗುತ್ತದೆ. ಇಲಿನಾಯ್‌ನಿಂದ 1982ರಲ್ಲಿ ಬಂದ ‘ಪ್ರೇರಿಫೈರ್’ ಅದನ್ನು ಚೆನ್ನಾಗಿ ತಡೆಯುತ್ತದೆ. ಸಸಿಗೆ 150 ಡಾಲರ್ ಬಿತ್ತೆಂದೇ ಇಟ್ಟುಕೊಳ್ಳಿ, ಅದು ಎರಡು ಸಿಂಪರಣೆಯ ಕೂಲಿಗಿಂತ 10 ಡಾಲರ್ ಕಡಿಮೆ. ನರ್ಸರಿಗೆ ಹೋಗುವುದಾದರೆ ಜುಲೈ ಕೊನೆಗೆ ಹೋಗಿ. ಯಾವ ಗಿಡದಲ್ಲಿ ಎಲೆ ಉಳಿದಿದೆ ಎಂದು ಆಗ ಕಣ್ಣಾರೆ ಕಾಣುತ್ತದೆ.