ಜಿಪ್ಸಿಗೆ ಬಲೆನೊ ಎಂಜಿನ್: ಕ್ಲಚ್ ಎಷ್ಟು ತಾಳಬೇಕು?

ಮಾರುತಿ ಜಿಪ್ಸಿ ಕಿಂಗ್‌ನ 1,298 ಸಿಸಿ ಎಂಪಿಎಫ್‌ಐ ಎಂಜಿನ್ ಕೊಡುವ ಗರಿಷ್ಠ ಟಾರ್ಕ್ 103 ನ್ಯೂಟನ್ ಮೀಟರ್. 1999ರಲ್ಲಿ ಬಂದ ಹಳೆಯ ಬಲೆನೊ ಸೆಡಾನಿನ 1,590 ಸಿಸಿ ಎಂಜಿನ್ ಸುಮಾರು 130 ಕೊಡುತ್ತದೆ. ಅಂದರೆ ಶೇ 26ರಷ್ಟು ಹೆಚ್ಚು. ಎರಡೂ ಸುಜುಕಿಯ ಒಂದೇ ‘ಜಿ’ ಕುಟುಂಬದ ಎಂಜಿನ್‌ಗಳು. ಹಾಗಾಗಿಯೇ ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸುವ ಆಸೆ ಹುಟ್ಟುತ್ತದೆ. ಅಮೆರಿಕದಲ್ಲಿ ಜಿಪ್ಸಿಯ ಸಂಬಂಧಿ ಸಮುರಾಯ್‌ಗೆ 1.6 ಲೀಟರ್ ಎಂಜಿನ್ ಹಾಕುವುದು ಹಳೆಯ ಹವ್ಯಾಸ. ಕಾಫಿ ತೋಟದ ಒಳದಾರಿ, ಮಾಂದಲಪಟ್ಟಿಯ ಏರು, ಆಟೋಕ್ರಾಸ್ ಗೀಳು ಎಲ್ಲವೂ ಇರುವ ಕೊಡಗಿನಲ್ಲಿ ಈ ಆಸೆಗೆ ಕಾರಣ ಹುಡುಕಬೇಕಿಲ್ಲ. ಎಂಜಿನ್ ಸಿಕ್ಕಿದ ಮೇಲೆ ಎಲ್ಲರೂ ಕೇಳುವುದು ಒಂದೇ: ಹಳೇ ಕ್ಲಚ್ ಸಾಕಾ, ‘ಹೆವಿ ಡ್ಯೂಟಿ’ ಬೇಕಾ?

ಮೊದಲು ಜೋಡಣೆಯ ಮಾತು. ಕ್ಲಚ್ ಪ್ಲೇಟಿಗೆ ಇಬ್ಬರು ಯಜಮಾನರು. ನಡುವಿನ ಹಲ್ಲುಗಳು ಗೇರ್‌ಬಾಕ್ಸ್ ಶಾಫ್ಟಿಗೆ ಹೊಂದಬೇಕು, ಹೊರಗಿನ ಅಳತೆ ಫ್ಲೈವೀಲ್‌ಗೆ ಹೊಂದಬೇಕು. ಬಲೆನೊದಲ್ಲಿ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ ಕೂರುತ್ತದೆ. ಗೇರ್‌ಬಾಕ್ಸ್ ಜಿಪ್ಸಿಯದ್ದೇ ಉಳಿಯುವುದರಿಂದ ಪ್ಲೇಟಿನ ಹಲ್ಲು ಜಿಪ್ಸಿಯ ಲೆಕ್ಕದ್ದೇ ಇರಬೇಕು. ಯಾವ ಫ್ಲೈವೀಲ್ ಹಾಕುತ್ತೀರೋ ಪ್ರೆಶರ್ ಪ್ಲೇಟಿನ ಬೋಲ್ಟ್ ರಂಧ್ರಗಳು ಅದಕ್ಕೆ ತಾಳೆಯಾಗಬೇಕು, ರಿಂಗ್ ಗೇರ್‌ನ ಹಲ್ಲು ಸ್ಟಾರ್ಟರ್‌ಗೆ ಸಿಗಬೇಕು. ಇವನ್ನು ಮೇಜಿನ ಮೇಲೆ ಇಟ್ಟು ನೋಡದೆ ಕಿಟ್ ಖರೀದಿಸಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಕ್ಲಚ್ ತಾಳುವ ಟಾರ್ಕ್‌ನ ಸೂತ್ರ ಸರಳ: ಘರ್ಷಣೆಯ ಎರಡು ಮುಖ, ಘರ್ಷಣಾಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ, ಈ ನಾಲ್ಕರ ಗುಣಲಬ್ಧ. ಉದಾಹರಣೆಗೆ ಪ್ಲೇಟಿನ ಹೊರವ್ಯಾಸ 190 ಮಿ.ಮೀ, ಒಳವ್ಯಾಸ 132, ಒತ್ತುವ ಬಲ 3,200 ನ್ಯೂಟನ್, ಘರ್ಷಣಾಂಕ 0.30 ಎಂದಿಟ್ಟುಕೊಳ್ಳೋಣ. ಉತ್ತರ ಸುಮಾರು 155 ನ್ಯೂಟನ್ ಮೀಟರ್. 103ರ ಎಂಜಿನ್‌ಗೆ ಇದು ಒಂದೂವರೆ ಪಟ್ಟು, ನೆಮ್ಮದಿಯ ಅಂತರ. 130ಕ್ಕೆ 1.19 ಪಟ್ಟು ಮಾತ್ರ. ಹೊಸದಿರುವಾಗ ಹಿಡಿಯುತ್ತದೆ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒಂದಿಷ್ಟು ಜಿನುಗಿ ಘರ್ಷಣಾಂಕ 0.20ಕ್ಕೆ ಇಳಿದರೆ 155 ಹೋಗಿ 103 ಆಗುತ್ತದೆ. ಆಗ ಹಳೆಯ ಎಂಜಿನ್‌ಗೂ ಅಂಚಿನ ಸ್ಥಿತಿ, ಹೊಸದಕ್ಕೆ ಜಾರುವುದು ಖಂಡಿತ.

ಅಂತರ ಹೆಚ್ಚಿಸುವ ದಾರಿಗಳಲ್ಲಿ ಜನ ಮೊದಲು ಹಾರುವುದು ದೊಡ್ಡ ಪ್ಲೇಟಿಗೆ. 190ರ ಬದಲು 200 ಮಿ.ಮೀ ಹಾಕಿ, ಒಳವ್ಯಾಸವೂ ಅದೇ ಪ್ರಮಾಣದಲ್ಲಿ ಹಿಗ್ಗಿ, ಬಲ ಅಷ್ಟೇ ಇಟ್ಟರೆ ಸಿಗುವುದು ಸುಮಾರು 163. ಶೇ 6ರೊಳಗಿನ ಲಾಭಕ್ಕೆ ಫ್ಲೈವೀಲನ್ನೇ ಬದಲಿಸಬೇಕಾಗಬಹುದು. ಒತ್ತುವ ಬಲವನ್ನು ಶೇ 20 ಏರಿಸಿದರೆ 185. ಆದರೆ ಎಳೆಯುವ ಕೇಬಲ್ ಅದೇ ಆದರೆ ಪೆಡಲ್ಲೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿಯಾಗುತ್ತದೆ. ಘರ್ಷಣಾಂಕ 0.40ರ ಸೆರಾಮಿಕ್ ಬಟನ್ ಹಾಕಿದರೆ 206. ಕಾಗದದ ಮೇಲೆ ಇದೇ ಗೆಲ್ಲುತ್ತದೆ. ತೋಟದ ದಾರಿಯಲ್ಲಿ ಮಾತ್ರ ಇದು ಬೇಡ. ಸೆರಾಮಿಕ್ ಗಪ್ಪನೆ ಹಿಡಿಯುತ್ತದೆ, ಹಾಫ್ ಕ್ಲಚ್‌ಗೆ ಒಗ್ಗುವುದಿಲ್ಲ. ಗೊಬ್ಬರದ ಮೂಟೆ ಹೊತ್ತು ಇಂಚಿಂಚು ಹತ್ತುವ ಗಾಡಿಗೆ ಹಾಫ್ ಕ್ಲಚ್ಚೇ ಜೀವ.

ಗಾಡಿ ನಿಂತಲ್ಲಿಂದ ಹೊರಡುವ ಗಳಿಗೆಗೆ ಬರೋಣ. ಕ್ಲಚ್ ಸಾಯುವುದು ಹೆಚ್ಚಾಗಿ ಅಲ್ಲೇ. ಆಳು, ಸಾಮಾನು ಸೇರಿ ಜಿಪ್ಸಿಯ ತೂಕ 1,400 ಕೆ.ಜಿ, ಏರು ಐದಕ್ಕೆ ಒಂದು. ಮೊದಲ ಗೇರ್ 3.652, ಡಿಫರೆನ್ಷಿಯಲ್ 3.909, ಟ್ರಾನ್ಸ್‌ಫರ್ ಕೇಸ್ ‘ಹೈ’ನಲ್ಲಿ 1.409, ‘ಲೋ’ದಲ್ಲಿ 2.268 ಎಂದು ಹಿಡಿದರೆ ಒಟ್ಟು ಅನುಪಾತ ಹೈನಲ್ಲಿ 20, ಲೋದಲ್ಲಿ 32. ಆ ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯಲು ಕ್ಲಚ್ ಕೊಡಬೇಕಾದ್ದು ಹೈನಲ್ಲಿ 45 ನ್ಯೂಟನ್ ಮೀಟರ್, ಲೋದಲ್ಲಿ 28. ಚಾಲಕ ಎಂಜಿನ್ನನ್ನು 2,500 ಸುತ್ತಿನಲ್ಲಿ ಇಟ್ಟು 70 ನ್ಯೂಟನ್ ಮೀಟರ್‌ನಷ್ಟು ಕ್ಲಚ್ ಬಿಟ್ಟರೆ ಹೈನಲ್ಲಿ ಪ್ಲೇಟ್ ಪೂರ್ತಿ ಹಿಡಿಯಲು ಸುಮಾರು 4 ಸೆಕೆಂಡ್ ಬೇಕು, ಅಷ್ಟರಲ್ಲಿ 37 ಕಿಲೋಜೂಲ್ ಶಾಖ. ಲೋದಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ, 8.5 ಕಿಲೋಜೂಲ್. ನಾಲ್ಕು ಪಟ್ಟಿಗೂ ಮೀರಿದ ವ್ಯತ್ಯಾಸ! ಇದರಲ್ಲಿ ಅರ್ಧ ಶಾಖ 3 ಕೆ.ಜಿ ಎರಕದ ಪ್ರೆಶರ್ ಪ್ಲೇಟಿಗೆ ಇಳಿದರೆ ಪ್ರತಿ ಸಲ 13 ಡಿಗ್ರಿ ಏರಿಕೆ, ಲೋದಲ್ಲಿ 3. ಎದುರು ಜೀಪಿಗೆ ದಾರಿ ಬಿಡುತ್ತಾ ಬಿಡುತ್ತಾ ಹತ್ತು ಸಲ ನಿಂತು ಹೊರಟರೆ ಆ 13 ಎಲ್ಲಿಗೆ ಮುಟ್ಟುತ್ತದೆಂದು ಸುಟ್ಟ ವಾಸನೆಯೇ ಹೇಳುತ್ತದೆ. ಕ್ಲಚ್ ಎಷ್ಟೇ ‘ಹೆವಿ’ ಆದರೂ ಈ ಉಳಿತಾಯ ಕೊಡದು. ಕೈಗೆಟುಕುವ ಟ್ರಾನ್ಸ್‌ಫರ್ ಕೇಸ್ ಲಿವರ್ ಕೊಡುತ್ತದೆ, ಅದೂ ಪುಕ್ಕಟೆ. ಒಣ ಡಾಂಬರಿನ ತಿರುವುಗಳಲ್ಲಿ ಮಾತ್ರ ನಾಲ್ಕೂ ಚಕ್ರ ತಿರುಗಿಸುವ ಈ ‘ಲೋ’ ಹಾಕಬಾರದು, ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ತಿರುಚುತ್ತವೆ.

‘ಹೆವಿ’ ಕ್ಲಚ್ ಬೇಕಿಲ್ಲವೆಂದು ಟಯರಿನ ಲೆಕ್ಕವೂ ಹೇಳುತ್ತದೆ. ಮಣ್ಣಿನ ಹಿಡಿತ 0.6 ಎಂದುಕೊಂಡರೆ ಸಮತಟ್ಟಿನಲ್ಲಿ ನಾಲ್ಕೂ ಚಕ್ರ ಜಾರಲು ಲೋದಲ್ಲಿ ಕ್ಲಚ್ ಕೊಡಬೇಕಾದ್ದು ಬರೀ 85 ನ್ಯೂಟನ್ ಮೀಟರ್. ಮಳೆಗಾಲದ ಕೆಸರಲ್ಲಿ ಇನ್ನೂ ಕಡಿಮೆ. 206 ತಾಳುವ ಕ್ಲಚ್ಚಿಗೆ ಅಲ್ಲಿ ಕೆಲಸವಿಲ್ಲ. ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ ಅದರ ಶಕ್ತಿ ಹೊರಬರುತ್ತದೆ. 155ರ ಕ್ಲಚ್ ಅಲ್ಲಿ ಜಾರಿ ಪೆಟ್ಟು ನುಂಗುತ್ತದೆ. 206ರದ್ದು ಅದನ್ನು ಹಾಗೇ ಪ್ರೊಪೆಲ್ಲರ್ ಶಾಫ್ಟಿಗೆ, ಆಕ್ಸಲ್ಲಿಗೆ ದಾಟಿಸುತ್ತದೆ.

ಎತ್ತರವನ್ನೂ ಮರೆಯಬಾರದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಅಲ್ಲಿ ಸುಮಾರು ಶೇ 11ರಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ 130 ಸುಮಾರು 116 ಆಗುತ್ತದೆ. ಕ್ಲಚ್ಚಿಗೆ ಇದರಿಂದ ತುಸು ಬಿಡುವು. ಇಷ್ಟೆಲ್ಲ ಕೂಡಿಸಿ ಕಳೆದರೆ ನನ್ನ ಆಯ್ಕೆ ಸಾದಾ ಲೈನಿಂಗ್‌ನ ಪ್ಲೇಟ್, ಶೇ 20ರಷ್ಟು ಬಿಗಿಯಾದ ಪ್ರೆಶರ್ ಪ್ಲೇಟ್. 185ನ್ನು 130ರಿಂದ ಭಾಗಿಸಿದರೆ 1.42, ಹಳೆಯ ಎಂಜಿನ್‌ಗಿದ್ದ ಒಂದೂವರೆ ಪಟ್ಟಿನ ಹತ್ತಿರಕ್ಕೇ ಬರುತ್ತದೆ.

ಇನ್ನು ಬಿಲ್. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಲೆಕ್ಕಕ್ಕೆಂದು ಭಾಗಗಳಿಗೆ 8,000, ಕೂಲಿಗೆ 4,000 ಎಂದು ಹಿಡಿದರೆ ತೆರಿಗೆ ಸೇರಿ 14,160 ರೂಪಾಯಿ. ಹಿಂದಿನ ದರದಲ್ಲಿ 14,960 ಆಗುತ್ತಿತ್ತು. ಕ್ಲಚ್ 40,000 ಕಿ.ಮೀ ಬಂದರೆ ಕಿಲೋಮೀಟರಿಗೆ 35 ಪೈಸೆ, ಹೈನಲ್ಲೇ ಏರು ಹತ್ತಿ 8,000ಕ್ಕೇ ಸುಟ್ಟರೆ 1 ರೂಪಾಯಿ 77 ಪೈಸೆ. ಗೇರ್‌ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಬದಲಿಸಿ ಫ್ಲೈವೀಲನ್ನು ಲೇತಿಗೆ ಕೊಡುವುದು ಒಳ್ಳೆಯದು. ಸೀಲ್ ಒಂದನ್ನು ಬಿಟ್ಟರೆ ಅದಕ್ಕಾಗಿಯೇ ಮತ್ತೊಮ್ಮೆ ಪೂರಾ ಕೂಲಿ ತೆರಬೇಕು.

ಕ್ಲಚ್ ಆರ್‌ಸಿಯಲ್ಲಿ ಬರುವುದಿಲ್ಲ. ಎಂಜಿನ್ ನಂಬರ್, ಸಿಸಿ ಬರುತ್ತವೆ. 1,298 ಇದ್ದದ್ದು 1,590 ಆದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಎ 12 ನಂಬರಿನ ಗಾಡಿಯವರು ಕಿಟ್‌ಗೆ ದುಡ್ಡು ಕಟ್ಟುವ ಮೊದಲು ಮಡಿಕೇರಿಯ ಆರ್‌ಟಿಒದಲ್ಲಿ ಇದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.