ಗುಡಿಯ ವಯಸ್ಸು ಹೇಳುವ ಕಲ್ಲುಗಳು

ದೇವಾಲಯ ನೋಡಲು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಈ ಗುಡಿ ಎಷ್ಟು ಹಳೆಯದು?” “ಸಾವಿರ ವರ್ಷ” ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಅದು ನಿಜವೇ ಎಂದು ತಿಳಿಯುವುದು ಹೇಗೆ? ಯಲಹಂಕ, ಆರ್.ಟಿ. ನಗರದ ಕಡೆಯ ವಿದ್ಯಾರ್ಥಿಗಳಿಗೆ ಶನಿವಾರ, ಭಾನುವಾರದ ಬಿಡುವಿನಲ್ಲೇ ಇದನ್ನು ಕಲಿಯಲು ಸಾಧ್ಯವಿದೆ.

ಮೊದಲು ಹೆಬ್ಬಾಳ. ಇಲ್ಲಿ 2018ರಲ್ಲಿ ಚರಂಡಿಗಾಗಿ ಅಗೆಯುವಾಗ ವೀರಗಲ್ಲೊಂದು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕನ್ನಡ ಶಾಸನ ಅದರಲ್ಲಿದೆ. ಊರಿಗಾಗಿ ಹೋರಾಡಿ ಮಡಿದ ಕಿತ್ತಯ್ಯನ ಹೆಸರೂ ‘ಪೆರ್ಬೊಳಲ್ ನಾಡು’ ಎಂಬ ಹೆಬ್ಬಾಳದ ಹಳೆಯ ಹೆಸರೂ ಅದರಿಂದಲೇ ನಮಗೆ ತಿಳಿದವು.

ಸಂಜೆ ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರಕ್ಕೆ ಬನ್ನಿ. ಶಿವಾಜಿಯ ಮಲಸಹೋದರ ವೆಂಕೋಜಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಆ ದೇವರ ಗುಡಿಯೇ ಇಂದಿನ ಕಾಡುಮಲ್ಲೇಶ್ವರ.

ಭಾನುವಾರ ನಂದಿಬೆಟ್ಟದ ತಪ್ಪಲಿನ ಭೋಗನಂದೀಶ್ವರ. ಇಲ್ಲಿಯ ಶಿವಾಲಯದ ಉಲ್ಲೇಖ ಕ್ರಿ.ಶ. 806ರಷ್ಟು ಹಿಂದಿನ ಶಾಸನದಲ್ಲೇ ಇದೆ. ಆದರೆ ನೀವು ನೋಡುವ ಕಟ್ಟಡವೆಲ್ಲ ಆ ವರ್ಷದ್ದಲ್ಲ. ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಸೇರಿಸುತ್ತಾ ಬಂದಿದ್ದಾರೆ. ಆದ್ದರಿಂದ ಗುಡಿಗೆ ಒಂದೇ ವಯಸ್ಸು ಹೇಳುವುದು ಕಷ್ಟ. ಗರ್ಭಗುಡಿಗೆ ಒಂದು, ಮಂಟಪಕ್ಕೆ ಇನ್ನೊಂದು.

ಜಪಾನಿನ ಇಸೆ ದೇಗುಲದ ರೀತಿಯೇ ಬೇರೆ. ಅದನ್ನು 20 ವರ್ಷಗಳಿಗೊಮ್ಮೆ ಹೊಸ ಮರದಿಂದ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟುತ್ತಾರೆ. ಕಳೆದ ಸಲ ಕಟ್ಟಿದ್ದು 2013ರಲ್ಲಿ. ಅಲ್ಲಿ ಹಳೆಯತನ ಉಳಿದಿರುವುದು ಕಟ್ಟುವ ವಿದ್ಯೆಯಲ್ಲಿ. ನಮ್ಮಲ್ಲಿ ಅದು ಉಳಿದಿರುವುದು ಕಲ್ಲಿನಲ್ಲಿ. ಕಲ್ಲು ಹೋದರೆ ಅದರೊಡನೆ ಊರಿನ ನೆನಪೂ ಹೋಗುತ್ತದೆ.

ಅಕ್ಷರಗಳನ್ನು ನೋಡಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು. ಆಗ ಗೀರುಗಳಲ್ಲಿ ನೆರಳು ಬಿದ್ದು ಬರಹ ಎದ್ದು ಕಾಣುತ್ತದೆ. ಅಕ್ಷರಗಳ ಮೇಲೆ ಸೀಮೆಸುಣ್ಣ, ಎಣ್ಣೆ, ಬಣ್ಣ ಬಳಿಯಬೇಡಿ. ಫೋಟೋ ತೆಗೆದುಕೊಳ್ಳಿ, ಕಲ್ಲು ಇರುವ ಜಾಗ, ದಿಕ್ಕು, ಅಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ನಿಮ್ಮ ಬೀದಿಯಲ್ಲೇ ಬಟ್ಟೆ ಒಗೆಯುವ ಕಲ್ಲಾಗಿಯೋ ಮೋರಿಯ ಚಪ್ಪಡಿಯಾಗಿಯೋ ಬಿದ್ದಿರುವ ಕಲ್ಲಿನ ಮೇಲೆ ಬರಹ ಕಂಡರೆ ಕೂಡಲೇ ಪುರಾತತ್ವ ಇಲಾಖೆಗೆ ತಿಳಿಸಿ. ಹೆಬ್ಬಾಳದ ಹಳೆಯ ಹೆಸರು ಸಿಕ್ಕಿದ್ದೂ ಚರಂಡಿಯ ಬದಿಯಲ್ಲೇ ಅಲ್ಲವೇ?