ಬಾಗಿಲಿಗೆ ಬಂದ ಬ್ಯಾಂಕು

ವ್ಯಾಪಾರೋದ್ಯಮದಲ್ಲಿ ನಾಯಕತ್ವವೆಂದರೇನು ಎಂದು ಕೇಳಿದರೆ ಧೈರ್ಯ, ದೂರದೃಷ್ಟಿ, ಛಲ ಮುಂತಾದ ಗುಣಗಳ ಪಟ್ಟಿಯೊಂದು ಸುಲಭವಾಗಿ ದೊರೆಯುತ್ತದೆ. ಅವು ಸುಳ್ಳಲ್ಲವಾದರೂ ಅವುಗಳಿಂದ ನಮ್ಮ ತಿಳಿವಳಿಕೆ ಹೆಚ್ಚಿತೆಂದು ಹೇಳಲಾರೆ. ಹೊಸ ಆಲೋಚನೆಯೊಂದು ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಹೇಗೆ ಬಾಳುತ್ತದೆ ಎಂಬುದನ್ನು ಒಂದು ನಿದರ್ಶನದಿಂದ ಅರಿಯುವುದೇ ಲೇಸು. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಉಡುಪಿಯಲ್ಲಿ 1928ರಲ್ಲಿ ಮೊದಲಾದ ಪಿಗ್ಮಿ ಠೇವಣಿಯನ್ನು.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಕರಾವಳಿಗೆ ಬ್ಯಾಂಕುಗಳೇನೂ ಅಪರಿಚಿತವಾಗಿರಲಿಲ್ಲ. 1906ರಲ್ಲಿಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೂ ಬೀಜ ಬಿತ್ತಿದ್ದರು. ಆದ್ದರಿಂದ 1925ರಲ್ಲಿ ಉಡುಪಿಯಲ್ಲಿ ಇನ್ನೊಂದು ಸಂಸ್ಥೆ ತಲೆಯೆತ್ತಿದಾಗ ಅದರಲ್ಲಿ ಬೆರಗಿನ ಸಂಗತಿಯೇನೂ ಇರಲಿಲ್ಲ. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬುದು ಅದರ ಹೆಸರು. 8,000 ರೂಪಾಯಿ ಅದರ ಬಂಡವಾಳ. ಸ್ಥಾಪಕರಲ್ಲಿ ಉಪೇಂದ್ರ ಅನಂತ ಪೈಯವರು ವ್ಯಾಪಾರಿಗಳು, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರು, ಟಿ.ಎಂ.ಎ. ಪೈಯವರು ವೈದ್ಯರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕು, ಅದಕ್ಕೆ ಬೇಕಾದ ಹಣವನ್ನು ಜನರ ಸಣ್ಣ ಉಳಿತಾಯದಿಂದಲೇ ಕೂಡಿಸಬೇಕು ಎಂಬುದು ಉದ್ದೇಶ.

ಉದ್ದೇಶವೇನೋ ಒಳ್ಳೆಯದೇ. ಆದರೆ ಸಣ್ಣ ಉಳಿತಾಯ ಬ್ಯಾಂಕಿಗೆ ಬರುವುದು ಹೇಗೆ? ನೇಕಾರನಿಗಾಗಲಿ, ಮೀನು ಮಾರುವವಳಿಗಾಗಲಿ, ಬೀದಿಬದಿಯ ಅಂಗಡಿಯವನಿಗಾಗಲಿ ಆದಾಯ ಬರುವುದು ದಿನದಿನಕ್ಕೆ, ಚಿಲ್ಲರೆ ಚಿಲ್ಲರೆಯಾಗಿ. ಅದರಲ್ಲಿ ಎರಡಾಣೆ ಉಳಿಯಿತೆಂದುಕೊಳ್ಳೋಣ. ಅದನ್ನು ಬ್ಯಾಂಕಿಗೆ ಕಟ್ಟಬೇಕಾದರೆ ಕೆಲಸ ಬಿಟ್ಟು ಹೋಗಬೇಕು. ಹೋಗಿ ಬರುವ ಹೊತ್ತಿನ ದುಡಿಮೆಯ ಬೆಲೆ ಎರಡಾಣೆಗಿಂತ ಹೆಚ್ಚು. ಅಲ್ಲಿನ ಮೇಜು, ಲೇಖನಿ, ಕಾಗದಗಳು ಅಕ್ಷರ ಬಾರದವರಲ್ಲಿ ಅಳುಕು ಹುಟ್ಟಿಸುವಂಥವು. ತಿಂಗಳ ಕೊನೆಗೆ ಒಟ್ಟಾಗಿ ಕಟ್ಟೋಣವೆಂದರೆ ಅಷ್ಟರೊಳಗೆ ಆ ಹಣ ಹಬ್ಬಕ್ಕೋ ಜ್ವರಕ್ಕೋ ನೆಂಟರಿಗೋ ಕರಗಿಹೋಗಿರುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂದು ನಮ್ಮ ಗಾದೆ ಹೇಳುತ್ತದೆ. ಹನಿ ಆರಿಹೋಗುವ ಮೊದಲು ಅದನ್ನು ಹಿಡಿಯುವುದು ಹೇಗೆಂದು ಹೇಳುವುದಿಲ್ಲ.

ಪಿಗ್ಮಿ ಯೋಜನೆ ಈ ತೊಡಕನ್ನು ಬಿಡಿಸಿದ್ದು ನಡಿಗೆಯ ದಿಕ್ಕನ್ನು ತಿರುಗಿಸಿ. ಜನ ಬ್ಯಾಂಕಿಗೆ ಬರಲಾರರಾದರೆ ಬ್ಯಾಂಕೇ ಜನರ ಬಾಗಿಲಿಗೆ ಹೋಗಲಿ! ಬ್ಯಾಂಕಿನ ಪರವಾಗಿ ಏಜೆಂಟನೊಬ್ಬ ಪ್ರತಿದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಲೆಕ್ಕ ಬರೆದುಕೊಳ್ಳುತ್ತಿದ್ದ. ಕುಬ್ಜ ಎಂಬ ಅರ್ಥದ ಪಿಗ್ಮಿ ಎಂಬ ಹೆಸರು ಆ ಮೊತ್ತಕ್ಕೆ ಒಪ್ಪುವಂತಿತ್ತು. ದಿನಕ್ಕೆ ಎರಡಾಣೆಯಂತೆ ವರ್ಷವಿಡೀ ಕಟ್ಟಿದರೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಕೈಯಲ್ಲಿ ಎಂದೂ ಇಡಿಗಂಟು ಕಾಣದ ಸಂಸಾರಕ್ಕೆ ಅದು ಸಣ್ಣ ಹಣವಲ್ಲ.

ಇದರ ಒಳಗಣ ಕಟ್ಟು ಗಮನಿಸತಕ್ಕದ್ದು. ಹಣ ಕೈಗೆ ಬಂದ ದಿನವೇ ಅದರ ಒಂದು ಪಾಲು ಕೈಬಿಡುವುದರಿಂದ ಖರ್ಚಿನ ಸೆಳೆತಕ್ಕೆ ಅದು ಸಿಕ್ಕುವುದಿಲ್ಲ. ಏಜೆಂಟ ದಿನವೂ ಮುಖ ತೋರಿಸುವ ಪರಿಚಿತನಾದ್ದರಿಂದ ಕಾಗದದ ಮೇಲೆ ಹುಟ್ಟದ ನಂಬಿಕೆ ಮುಖದ ಮೇಲೆ ಹುಟ್ಟುತ್ತದೆ. ಅವನಿಗೆ ಸಲ್ಲುವುದು ಸಂಗ್ರಹಿಸಿದ ಮೊತ್ತಕ್ಕೆ ತಕ್ಕ ಕಮಿಷನ್ ಆದ್ದರಿಂದ ಬ್ಯಾಂಕಿನ ಮೇಲೆ ಸಂಬಳದ ಹೊರೆ ಮೊದಲೇ ಬೀಳುವುದಿಲ್ಲ. ಇದಕ್ಕೂ ಮಿಗಿಲಾಗಿ, ದಿನವೂ ತಪ್ಪದೆ ಕಟ್ಟಿದವನ ಲೆಕ್ಕದ ಪುಸ್ತಕ ಅವನ ಶಿಸ್ತಿಗೆ ಸಾಕ್ಷಿಯಾಗುತ್ತದೆ. ಅಡವಿಡಲು ಹೊಲವಿಲ್ಲದವನೂ ಸಾಲಕ್ಕೆ ಯೋಗ್ಯನೆಂದು ತೋರಿಸಿಕೊಳ್ಳಲು ಅದೊಂದು ದಾರಿ.

ಬಡವರು ಉಳಿಸುವುದಿಲ್ಲವೆಂಬುದು ಲೋಕದ ಹಳೆಯ ತೀರ್ಪು. ಆ ತೀರ್ಪನ್ನು ಒಪ್ಪಿಕೊಂಡ ವ್ಯಾಪಾರಿ ಸಿರಿವಂತರ ಠೇವಣಿಗಾಗಿ ಇತರ ಬ್ಯಾಂಕುಗಳೊಡನೆ ಪೈಪೋಟಿಗಿಳಿಯುತ್ತಿದ್ದ. ಪಿಗ್ಮಿಯನ್ನು ಕಟ್ಟಿದವರು ಉಳಿತಾಯಕ್ಕೆ ಅಡ್ಡಿ ಎಲ್ಲಿದೆಯೆಂದು ಹುಡುಕಿದರು; ಅದು ಜನರ ಸ್ವಭಾವದಲ್ಲಿರದೆ ಬ್ಯಾಂಕಿನ ಹೊಸ್ತಿಲಲ್ಲಿತ್ತು. ಸ್ಥಾಪಕರಲ್ಲಿ ಒಬ್ಬರು ವೈದ್ಯರಾಗಿದ್ದುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ರೋಗಿಯನ್ನು ಬೈಯುವುದಕ್ಕೆ ಮೊದಲು ರೋಗದ ಮೂಲವನ್ನು ಕೇಳುವುದು ವೈದ್ಯನ ಅಭ್ಯಾಸವಲ್ಲವೆ? ಈ ಅಭ್ಯಾಸವನ್ನೇ ನಾನು ನಾಯಕತ್ವದ ಮನೋಧರ್ಮವೆಂದು ಕರೆಯುವೆನು.

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಾಗಿಲಿಗೆ ಬಂದ ಬ್ಯಾಂಕಿಗೆ ಕಾಲುಗಳಿದ್ದುವು. ಅವು ಏಜೆಂಟನ ಕಾಲುಗಳು. ಬಿಸಿಲಿಗೆ, ಕರಾವಳಿಯ ಮಳೆಗೆ ಮೈಯೊಡ್ಡಿ ನಡೆದವನು ಬ್ಯಾಂಕಿನ ನೌಕರನೋ, ಕಮಿಷನ್ ಪಡೆಯುವ ಹೊರಗಿನವನೋ ಎಂಬ ವ್ಯಾಜ್ಯ ಬಹುಕಾಲ ನಡೆಯಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪಿತ್ತಿತು. ಯೋಜನೆ ಹುಟ್ಟಿ ಆಗಲೇ 73 ವರ್ಷಗಳು ಕಳೆದಿದ್ದುವು. ಹೊಸ ಆಲೋಚನೆಯು ಯಾರ ಹೊರೆಯನ್ನು ಇಳಿಸಿತು ಎಂದು ಮೆಚ್ಚುವಾಗ, ಆ ಹೊರೆ ಯಾರ ಹೆಗಲಿಗೆ ಸರಿಯಿತು ಎಂದೂ ಕೇಳುವುದು ನ್ಯಾಯ. ಮೊದಲನೆಯ ಪ್ರಶ್ನೆಗೆ ತೋರಿದ ಜಾಣ್ಮೆ ಎರಡನೆಯದಕ್ಕೆ ಇಷ್ಟು ತಡವಾಗಬೇಕಾಗಿರಲಿಲ್ಲ.

ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು; 1969ರಲ್ಲಿ ರಾಷ್ಟ್ರೀಕೃತವಾಯಿತು; 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಮರೆಯಾದರೂ ಪದ್ಧತಿ ಅಳಿಯಲಿಲ್ಲ. ನಮ್ಮ ಊರುಗಳ ಸಹಕಾರಿ ಸಂಘಗಳಲ್ಲಿ ಇಂದಿಗೂ ಪಿಗ್ಮಿ ಕಟ್ಟುವವರಿದ್ದಾರೆ, ಸಂಗ್ರಹಿಸುವವರಿದ್ದಾರೆ. ‘ಪಿಗ್ಮಿ ಕಟ್ಟುವುದು’ ಎಂಬುದು ಕನ್ನಡದ ಆಡುಮಾತೇ ಆಗಿಹೋಗಿದೆ. ಹೊರಗಿನ ಪದವೊಂದು ಸಂತೆಯ ಬಾಯಲ್ಲಿ ಹೀಗೆ ನೆಲೆಗೊಳ್ಳಬೇಕಾದರೆ ಅದು ಜನರ ಬದುಕಿಗೆ ನಿಜವಾಗಿ ಬೇಕಾಗಿದ್ದಿರಬೇಕು.

ಉದ್ಯಮ ಹೂಡುವವರು ಸಾಮಾನ್ಯವಾಗಿ ತಮ್ಮ ಅಂಗಡಿಗೆ ಬಂದ ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಚಿಂತಿಸುತ್ತಾರೆ. ಬಾರದವನು ಯಾರು, ಅವನು ಏಕೆ ಬರುತ್ತಿಲ್ಲ ಎಂದು ಚಿಂತಿಸುವವರು ವಿರಳ. ಎರಡಾಣೆಯ ಬೆಲೆ ತಿಳಿದಿದ್ದ ಕೆಲವರು ಉಡುಪಿಯಲ್ಲಿ ಒಮ್ಮೆ ಹಾಗೆ ಚಿಂತಿಸಿದರು. ಫಲ ನಮ್ಮ ಕಣ್ಣ ಮುಂದಿದೆ.